ದೂರದ ಬೆಟ್ಟದ ಲೆಕ್ಕ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬೆಟ್ಟದ ಕಲ್ಲು, ಮುಳ್ಳು, ಕಡಿದಾದ ಏರು ಎಲ್ಲವೂ ಹತ್ತಿರ ಹೋದವನಿಗೆ ಮಾತ್ರ ಗೋಚರವಾಗುತ್ತವೆ. ಆದರೆ ಹತ್ತಿರ ಹೋಗುವ ಮುನ್ನವೇ, ಮನೆಯ ಊಟದ ಮೇಜಿನ ಮೇಲೆ ನಕ್ಷೆಯೊಂದನ್ನು ಹರಡಿ, ಆ ಕಲ್ಲುಮುಳ್ಳುಗಳನ್ನು ಮುಂಚಿತವಾಗಿಯೇ ಎಣಿಸಿಕೊಳ್ಳುವ ಒಂದು ವಿದ್ಯೆಯೂ ಉಂಟು. ನ್ಯೂಜಿಲೆಂಡಿನ ಜನರಿಗೆ ಈ ವಿದ್ಯೆ ಬಹುಮಟ್ಟಿಗೆ ಮನೆಮಾತಾಗಿದೆ. ರಜೆಯ ದಿನ ಬಂತೆಂದರೆ ಬುತ್ತಿ ಕಟ್ಟಿಕೊಂಡು ಕಾಡುಬೆಟ್ಟಗಳಿಗೆ ಹೊರಡುವುದು ಅಲ್ಲಿನ ಸಂಸಾರಗಳ ವಾಡಿಕೆ. ಹೊರಡುವುದಕ್ಕಿಂತ ಮೊದಲು ಅವರು ಹಾಕುವ ಲೆಕ್ಕ ಯಾವ ಊರಿನ, ಯಾವ ಬೆಟ್ಟಕ್ಕೆ ಹೊರಡುವವರಿಗೂ ಉಪಯುಕ್ತವಾದುದು.

ಆ ದೇಶದ ದಕ್ಷಿಣ ದ್ವೀಪದ ಉತ್ತರ ಭಾಗದಲ್ಲಿ ರೊಟೊಇಟಿ ಎಂಬ ಸರೋವರವಿದೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿ ‘ರೊಟೊ’ ಎಂದರೆ ಸರೋವರ, ‘ಇಟಿ’ ಎಂದರೆ ಚಿಕ್ಕದು. ಇದರ ಸಮೀಪದಲ್ಲೇ ಇರುವ ದೊಡ್ಡ ಸರೋವರಕ್ಕೆ ರೊಟೊರೋಆ ಎಂದು ಹೆಸರು. ರಾಕೈಹೌಟೂ ಎಂಬ ಪುರಾಣಪುರುಷನು ತನ್ನ ಅಗೆಯುವ ಕೋಲಿನಿಂದ ನೆಲವನ್ನು ತೋಡಿ ಈ ಸರೋವರಗಳನ್ನು ನಿರ್ಮಿಸಿದನೆಂದು ಮಾವೊರಿ ಜನ ಹೇಳುತ್ತಾರೆ. ಹಿಮಯುಗದಲ್ಲಿ ಕಣಿವೆಗಳನ್ನು ಕೊರೆಯುತ್ತ ಇಳಿದ ಹಿಮನದಿಗಳೇ ಇವನ್ನು ತೋಡಿದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ತೋಡಿದವರು ಯಾರೆಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೂ ನೆಲವನ್ನು ತೋಡಿದ್ದರಿಂದ ಸರೋವರವಾಯಿತೆಂಬುದರಲ್ಲಿ ಇಬ್ಬರೂ ಒಮ್ಮತದವರೇ! ರೊಟೊಇಟಿಯಿಂದ ಹೊರಬೀಳುವ ನೀರೇ ಬುಲ್ಲರ್ ನದಿಯಾಗಿ ಪಶ್ಚಿಮ ಸಮುದ್ರವನ್ನು ಸೇರುತ್ತದೆ. ಎರಡು ಸರೋವರಗಳನ್ನೂ ಅವುಗಳ ಸುತ್ತಲಿನ ಗಿರಿಪಂಕ್ತಿಗಳನ್ನೂ ಒಳಗೊಂಡು 1956ರಲ್ಲಿ ನೆಲ್ಸನ್ ಲೇಕ್ಸ್ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು.

ಸರೋವರದ ಪಶ್ಚಿಮದ ಅಂಚಿನಲ್ಲಿ ಎದ್ದುನಿಂತಿರುವುದೇ ರಾಬರ್ಟ್ ಬೆಟ್ಟ. ಪೌರಂಗಾಹೌ ಎಂಬ ಮಾವೊರಿ ಹೆಸರೂ ಅದಕ್ಕುಂಟು. ಇದರ ಮೈಮೇಲೆ ಸುಮಾರು 9 ಕಿಲೋಮೀಟರ್ ಉದ್ದದ ಒಂದು ಸುತ್ತುದಾರಿಯಿದೆ. ವಾಹನಗಳನ್ನು ನಿಲ್ಲಿಸುವ ಬಯಲಿನಿಂದ ಹೊರಟು, ‘ಪಿಂಚ್‌ಗಟ್’ ಎಂಬ ಕಡಿದಾದ ದಾರಿಯಲ್ಲಿ ಮೇಲೇರಿ, ಬೆಟ್ಟದ ನೆತ್ತಿಯನ್ನು ದಾಟಿ, ‘ಪ್ಯಾಡೀಸ್’ ಎಂಬ ಸೌಮ್ಯವಾದ ದಾರಿಯಲ್ಲಿ ಇಳಿದರೆ ಹೊರಟಲ್ಲಿಗೇ ಬಂದು ಸೇರಬಹುದು. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ 1400 ಮೀಟರಿಗೂ ಸ್ವಲ್ಪ ಹೆಚ್ಚು. ದಾರಿಯ ಪ್ರಾರಂಭವೇ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಏರಬೇಕಾದದ್ದು 500 ಮೀಟರಿಗಿಂತ ತುಸು ಅಧಿಕ. ಪಿಂಚ್‌ಗಟ್ ಎಂಬ ಹೆಸರಿಗೆ ‘ಹೊಟ್ಟೆ ಹಿಂಡುವುದು’ ಎಂದು ಅರ್ಥ ಹೇಳಬಹುದು. ಹತ್ತಿದವರು ಆ ಹೆಸರಿನ ಬಗ್ಗೆ ತಕರಾರು ಎತ್ತುವುದಿಲ್ಲ.

ಮೇಜಿನ ಮೇಲಿನ ಬೆಟ್ಟ

ಅಲ್ಲಿಗೆ ಒಂದೂವರೆ ಗಂಟೆಯ ಪ್ರಯಾಣದ ದೂರದಲ್ಲಿ ನೆಲ್ಸನ್ ನಗರವಿದೆ. ಆ ನಗರದ ಒಂದು ಸಾಧಾರಣ ಸಂಸಾರವನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಗಂಡ, ಹೆಂಡತಿ, ಹದಿನೈದು ವರ್ಷದ ಮಗ, ಜೊತೆಗೆ ಹೆಂಡತಿಯ ತಂದೆ, ಅರವತ್ತೆಂಟರ ವೃದ್ಧರು. ಜನವರಿ ತಿಂಗಳು, ಭೂಗೋಳದ ಆ ಪಾರ್ಶ್ವದಲ್ಲಿ ಅದು ನಡುಬೇಸಿಗೆ. ನಾಳೆ ಬೆಟ್ಟ ಹತ್ತುವುದೆಂದು ನಿಶ್ಚಯವಾಗಿದೆ. ರಾತ್ರಿ ಊಟವಾದ ಮೇಲೆ ಮೇಜನ್ನು ಒರೆಸಿ ನಕ್ಷೆಯನ್ನು ಹರಡಿದ್ದಾರೆ.

ಮೊದಲ ಪ್ರಶ್ನೆ: ಎಷ್ಟು ಹೊತ್ತು ಹಿಡಿದೀತು? ಅಜ್ಜನ ಉತ್ತರ ಸಿದ್ಧವಾಗಿತ್ತು: “ಮೂರೇ ಗಂಟೆ. ಆಗ ಅಷ್ಟರಲ್ಲೇ ಮುಗಿಸಿದ್ದೆ.” ಆ ‘ಆಗ’ ಎಂಬುದು ಅವರ ಇಪ್ಪತ್ತೈದನೆಯ ವಯಸ್ಸು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಹುಡುಗನು ಪುಸ್ತಕದಲ್ಲಿ ಓದಿದ ಸೂತ್ರವೊಂದನ್ನು ಹಿಡಿದುಕೊಂಡ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಅದು. ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. 9 ಕಿಲೋಮೀಟರಿಗೆ 1 ಗಂಟೆ 48 ನಿಮಿಷ, ಏರಿಗೆ ಸುಮಾರು 55 ನಿಮಿಷ. ಒಟ್ಟು ಎರಡೂ ಮುಕ್ಕಾಲು ಗಂಟೆಯ ಒಳಗೇ ಮುಗಿಯಿತು! ಅಜ್ಜನ ಲೆಕ್ಕಕ್ಕೂ ಮೊಮ್ಮಗನ ಲೆಕ್ಕಕ್ಕೂ ಹೊಂದಿಕೆಯಾದುದನ್ನು ಕಂಡು ಇಬ್ಬರಿಗೂ ಪರಮಾನಂದ.

ಗೃಹಿಣಿ ಮಾತ್ರ ಒಪ್ಪಲಿಲ್ಲ. ಉದ್ಯಾನದ ಅಧಿಕಾರಿಗಳು ಈ ಸುತ್ತುದಾರಿಗೆ ಐದು ಗಂಟೆ ಎಂದು ಸೂಚಿಸಿದ್ದಾರೆ. ಸೂತ್ರಕ್ಕೂ ಸೂಚನೆಗೂ ಇಷ್ಟು ಅಂತರವೇಕೆ? ನೇಸ್ಮಿತ್ ಅವರ ಸೂತ್ರ ಗಟ್ಟಿಮುಟ್ಟಾದ ಆಳಿನದು, ನಿಲ್ಲದೆ ನಡೆಯುವವನದು. ಅದರಲ್ಲಿ ಬುತ್ತಿ ಬಿಚ್ಚುವ ಹೊತ್ತಿಲ್ಲ, ಬೂಟಿನ ದಾರ ಬಿಗಿಯುವ ಹೊತ್ತಿಲ್ಲ, ಸರೋವರವನ್ನು ನೋಡುತ್ತ ನಿಲ್ಲುವ ಹೊತ್ತಿಲ್ಲ, ಸಡಿಲಗಲ್ಲಿನ ಇಳಿಜಾರಿನಲ್ಲಿ ಹೆಜ್ಜೆ ತಡೆದಿಡುವ ಹೊತ್ತೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಂಡದ ವೇಗವೆಂದರೆ ಅದರಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ವೇಗ. ಹುಡುಗನ ಕಾಲು ಎಷ್ಟೇ ಚುರುಕಾಗಿರಲಿ, ನಾಳೆಯ ಗಡಿಯಾರ ಅಜ್ಜನ ಕಾಲಿನೊಡನೆ ನಡೆಯುತ್ತದೆ. ಆಕೆ ಕಾಗದದ ಮೇಲೆ ‘ಆರೂವರೆ ಗಂಟೆ’ ಎಂದು ಬರೆದಳು. ಅಜ್ಜ ಕಾಗದವನ್ನು ಓದಿ, ಏನೂ ಹೇಳದೆ, ಕನ್ನಡಕವನ್ನು ತೆಗೆದು ಒರೆಸಿಕೊಂಡರು.

ಎರಡನೆಯ ಪ್ರಶ್ನೆ: ಯಾವ ಕಡೆಯಿಂದ ಹತ್ತುವುದು? ಸುತ್ತುದಾರಿಯಾದ್ದರಿಂದ ಎರಡು ಕಡೆಯಿಂದಲೂ ಹತ್ತಬಹುದು. ಸೌಮ್ಯವಾದ ಕಡೆಯಿಂದ ಹತ್ತಿ ಕಡಿದಾದ ಕಡೆಯಿಂದ ಇಳಿಯುವುದೇ ಸುಖವೆಂದು ಮೊದಲ ನೋಟಕ್ಕೆ ತೋರುತ್ತದೆ. ಅನುಭವಿಗಳ ಮತ ಇದಕ್ಕೆ ವಿರುದ್ಧವಾಗಿದೆ. ಹತ್ತುವಾಗ ದಣಿಯುವುದು ಉಸಿರು. ನಿಂತರೆ ಅದು ಹಿಂದಿರುಗುತ್ತದೆ. ಇಳಿಯುವಾಗ ದಣಿಯುವುದು ತೊಡೆ ಮತ್ತು ಮೊಣಕಾಲು. ಪ್ರತಿ ಹೆಜ್ಜೆಯಲ್ಲೂ ದೇಹದ ಭಾರದ ಹಲವು ಪಟ್ಟು ಒತ್ತಡ ಮೊಣಕಾಲಿನ ಮೇಲೆ ಬೀಳುತ್ತದೆ, ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಆ ಭಾರವನ್ನು ತಡೆಯಬೇಕಾಗುತ್ತದೆ. ನಿಂತ ಮಾತ್ರಕ್ಕೆ ಈ ಆಯಾಸ ಹೋಗುವುದಿಲ್ಲ. ವಯಸ್ಸಾದವರಿಗೆ ಬೆಟ್ಟದ ಕಷ್ಟವಿರುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಆದ್ದರಿಂದ ಬೆಳಗಿನ ತಾಜಾ ಕಾಲುಗಳಿಗೆ ಪಿಂಚ್‌ಗಟ್, ಮಧ್ಯಾಹ್ನದ ದಣಿದ ಕಾಲುಗಳಿಗೆ ಪ್ಯಾಡೀಸ್ ಎಂದು ತೀರ್ಮಾನವಾಯಿತು.

ಗಾಳಿ, ಮಳೆ, ಬಿಸಿಲು

ಮೂರನೆಯದು ಹವೆಯ ವಿಚಾರ. ಆ ದೇಶದ ಹವಾಮಾನ ಸಂಸ್ಥೆ ಈ ಬೆಟ್ಟಗಳಿಗಾಗಿಯೇ ಪ್ರತ್ಯೇಕ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಪೇಟೆಯ ಮುನ್ಸೂಚನೆಯನ್ನು ನಂಬಿ ಬೆಟ್ಟಕ್ಕೆ ಹೋಗುವುದು ಅವಿವೇಕ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ನೆಲ್ಸನ್ನಿನ ಕಡಲತೀರದಲ್ಲಿ 22 ಡಿಗ್ರಿ ಇದ್ದರೆ ನೆತ್ತಿಯ ಮೇಲೆ 13. ಅದಕ್ಕೆ ಗಾಳಿ ಸೇರಿ, ಮೈಮೇಲಿನ ಬಟ್ಟೆ ಬೆವರಿನಿಂದಲೋ ಮಳೆಯಿಂದಲೋ ಒದ್ದೆಯಾಗಿದ್ದರೆ, ಬೇಸಿಗೆಯೆಂಬುದು ಹೆಸರಿಗೆ ಮಾತ್ರ. ದೇಹದ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಕ್ಕೆ ಇಳಿದರೆ ಅದು ಪ್ರಾಣಾಂತಿಕವಾಗಬಲ್ಲ ಸ್ಥಿತಿ. ಮೊದಲು ನಡುಕ, ಆಮೇಲೆ ತಡವರಿಸುವ ಮಾತು, ಎಡವುವ ಕಾಲು, ಕೊನೆಗೆ ತನಗೆ ಏನೂ ಆಗಿಲ್ಲವೆಂಬ ಭ್ರಮೆ. ಇದಕ್ಕೆ ಬಲಿಯಾಗುವವನು ಅಪಾಯವನ್ನು ತಾನೇ ಅರಿಯಲಾರ, ಜೊತೆಯವರು ಅರಿಯಬೇಕು.

ಆ ಪ್ರದೇಶದಲ್ಲಿ ಹವೆ ಕೆಡುವ ಕ್ರಮವೊಂದಿದೆ. ಮೊದಲು ವಾಯವ್ಯದಿಂದ ಗಾಳಿ ಬಲವಾಗುತ್ತದೆ, ಬೆಚ್ಚಗಿರುತ್ತದೆ, ಮಳೆ ತರುತ್ತದೆ. ಬಳಿಕ ದಕ್ಷಿಣದ ಗಾಳಿ ತಿರುಗಿ ಚಳಿ ಥಟ್ಟನೆ ಇಳಿಯುತ್ತದೆ. ಎತ್ತರದ ನೆತ್ತಿಗಳ ಮೇಲೆ ವರ್ಷದ ಯಾವ ತಿಂಗಳಲ್ಲಾದರೂ ಹಿಮ ಬೀಳಬಹುದು. ಆ ರಾತ್ರಿಯ ಮುನ್ಸೂಚನೆ ಹೀಗಿತ್ತು: ಬೆಳಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನದಿಂದ ವಾಯವ್ಯ ಗಾಳಿ, ಸಂಜೆಗೆ ಮಳೆ. ಹೋಗಬಾರದೆಂದು ಅದರ ಅರ್ಥವಲ್ಲ. ಬೇಗ ಹೋಗಿ ಬೇಗ ಬರಬೇಕೆಂದು ಅರ್ಥ. ಗೃಹಿಣಿ ಕಾಗದದ ಮೇಲೆ ಇನ್ನೊಂದು ಸಾಲು ಬರೆದಳು: ‘ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ಸರಿ, ಇಳಿಯುವ ಕಡೆಗೇ ಮುಖ.’

ಆಮೇಲೆ ಸಾಮಾನುಗಳ ಸರದಿ. ಒದ್ದೆಯಾದರೂ ಬೆಚ್ಚಗಿಡುವ ಉಣ್ಣೆಯ ಅಂಗಿ ತಲೆಗೊಂದು, ಮಳೆಗಾಳಿ ತಡೆಯುವ ಕೋಟು, ಟೋಪಿ, ಕೈಚೀಲ. ಇವೆಲ್ಲವೂ ನಡುಬೇಸಿಗೆಯಲ್ಲೇ! ಅದರ ಜೊತೆಗೆ ಬಿಸಿಲಿನ ಮುಲಾಮು. ದಕ್ಷಿಣ ಗೋಳದ ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ತುಸು ಹತ್ತಿರವಾಗಿರುತ್ತದೆ. ಆಕಾಶ ನಿರ್ಮಲ, ಓಜೋನ್ ಪದರ ತೆಳು. ಉತ್ತರ ಗೋಳದ ಅದೇ ಅಕ್ಷಾಂಶದ ಊರುಗಳಿಗಿಂತ ಅಲ್ಲಿನ ಬೇಸಿಗೆಯ ನೇರಳಾತೀತ ಕಿರಣಗಳು ಶೇಕಡಾ 40ರಷ್ಟು ತೀಕ್ಷ್ಣ. ಏರುದಾರಿಯಲ್ಲಿ ನೀರು ಸಿಗುತ್ತದೆಂಬ ಭರವಸೆಯಿಲ್ಲವಾದ್ದರಿಂದ ಪ್ರತಿಯೊಬ್ಬರಿಗೂ ನೀರಿನ ಸೀಸೆ, ಬುತ್ತಿಯ ಜೊತೆಗೆ ಒಂದು ಹೊತ್ತಿನ ಹೆಚ್ಚಿನ ಆಹಾರ, ಕೈದೀಪ, ಗಾಯಕ್ಕೆ ಕಟ್ಟುವ ಬಟ್ಟೆ, ಅಜ್ಜನಿಗೆ ಎರಡು ಊರುಗೋಲು. ಬೆಟ್ಟಗಳಲ್ಲಿ ದೂರವಾಣಿಯ ಸಂಪರ್ಕ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಉಪಗ್ರಹದ ಮೂಲಕ ಆಪತ್ಸಂಕೇತ ಕಳುಹಿಸುವ, ಅಂಗೈಯಲ್ಲಿ ಹಿಡಿಸುವ ಪುಟ್ಟ ಯಂತ್ರವೊಂದನ್ನು ಅನೇಕರು ಬಾಡಿಗೆಗೆ ತರುತ್ತಾರೆ. ಇವರೂ ತಂದಿದ್ದರು.

ಕೊನೆಯ ಕೆಲಸ ಅತ್ಯಂತ ಸುಲಭವಾದುದು. ಆದರೂ ಜನ ಹೆಚ್ಚಾಗಿ ಮರೆಯುವುದು ಅದನ್ನೇ. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಜನ, ಯಾವಾಗ ಹಿಂದಿರುಗುವುದು ಎಂಬುದನ್ನು ಹಿಂದೆ ಉಳಿಯುವ ಒಬ್ಬರಿಗೆ ಬರೆದುಕೊಡಬೇಕು. ಪಕ್ಕದ ಮನೆಯಾಕೆಗೆ ಚೀಟಿ ಹೋಯಿತು: ‘ಸಂಜೆ 7ರ ಒಳಗೆ ಫೋನು ಬಾರದಿದ್ದರೆ 111ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಿ.’ ನೆಲದ ಮೇಲಿನ ಹುಡುಕಾಟವನ್ನು ಅಲ್ಲಿ ನಡೆಸುವವರು ಪೊಲೀಸರೇ. ನಾಲ್ವರು ಎಲ್ಲಿರಬಹುದೆಂಬ ಸುಳಿವಿಲ್ಲದಿದ್ದರೆ ಸಾವಿರ ಚದರ ಕಿಲೋಮೀಟರಿನ ಉದ್ಯಾನದಲ್ಲಿ ಅವರಾದರೂ ಎಲ್ಲಿ ಹುಡುಕಿಯಾರು?

ಏರು

ಮರುದಿನ ಒಂಬತ್ತೂ ಕಾಲಿಗೆ ನಾಲ್ವರೂ ಪಿಂಚ್‌ಗಟ್ ದಾರಿಯ ಬುಡದಲ್ಲಿದ್ದರು. ಬೀಚ್ ಮರಗಳ ನಡುವೆ ದಾರಿ ಅಂಕುಡೊಂಕಾಗಿ ಮೇಲೇರುತ್ತದೆ. ಈ ಕಾಡಿನ ಮರಗಳ ಕಾಂಡ ಮಸಿ ಬಳಿದಂತೆ ಕಪ್ಪಾಗಿರುವುದನ್ನು ಕಂಡು ಹೊಸಬರು ಬೆಂಕಿ ಬಿದ್ದಿತ್ತೇನೋ ಎಂದುಕೊಳ್ಳುವುದುಂಟು. ಅದು ಬೆಂಕಿಯಲ್ಲ. ತೊಗಟೆಯೊಳಗೆ ಅಡಗಿ ಮರದ ರಸ ಹೀರುವ ಒಂದು ಪುಟ್ಟ ಕೀಟ, ಕೂದಲೆಳೆಯಂತಹ ಬಿಳಿಯ ನಾಳದ ತುದಿಯಲ್ಲಿ ಸಿಹಿಯಾದ ಹನಿಯನ್ನು ಹೊರಬಿಡುತ್ತದೆ. ಹನಿ ಬಿದ್ದಲ್ಲೆಲ್ಲ ಕಪ್ಪು ಬೂಷ್ಟು ಬೆಳೆಯುತ್ತದೆ. ಟೂಯಿ, ಬೆಲ್‌ಬರ್ಡ್, ಕಾಕಾ ಮೊದಲಾದ ಹಕ್ಕಿಗಳಿಗೆ ಈ ಮಧುಬಿಂದುವೇ ಆಹಾರ. ಆದರೆ ಯುರೋಪಿನಿಂದ ಬಂದು ನೆಲೆಸಿದ ಕಣಜಗಳು ಇಂದು ಆ ಸಿಹಿಯ ಬಹುಭಾಗವನ್ನು ಕಸಿದುಕೊಳ್ಳುತ್ತಿವೆ. ಬೇಸಿಗೆಯ ಕೊನೆಯಲ್ಲಿ ಅವುಗಳ ಹಾವಳಿ ವಿಪರೀತ. ಸರೋವರದ ದಡದ ಕಾಡಿನಲ್ಲಿ ಹಕ್ಕಿಗಳನ್ನು ಉಳಿಸಿಕೊಳ್ಳಲೆಂದು 1997ರಿಂದ ಕಣಜ, ಇಲಿ, ಸ್ಟೋಟ್ ಎಂಬ ಮುಂಗುಸಿಯಂತಹ ಬೇಟೆಗಾರ ಪ್ರಾಣಿಗಳನ್ನು ಹತೋಟಿಯಲ್ಲಿಡುವ ಕಾರ್ಯ ನಡೆಯುತ್ತಿದೆ. ಕಣಜ ಕಡಿದರೆ ಮೈ ಊದಿಕೊಳ್ಳುವ ಪ್ರಕೃತಿಯವರು ಔಷಧಿಯಿಲ್ಲದೆ ಇಲ್ಲಿಗೆ ಬರಬಾರದು.

ಹುಡುಗ ಮುಂದೆ ಮುಂದೆ ಓಡಿ ಪ್ರತಿ ತಿರುವಿನಲ್ಲೂ ಕಾಯುತ್ತಿದ್ದ. ಅಜ್ಜ ತಮ್ಮದೇ ಲಯದಲ್ಲಿ ಬರುತ್ತಿದ್ದರು. ಮಾತನಾಡುತ್ತ ನಡೆಯಲು ಸಾಧ್ಯವಾಗುವಷ್ಟೇ ವೇಗ. ಉಸಿರು ಕಟ್ಟಿ ಮಾತು ನಿಂತರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು. ಕಾಡು ಹಿಂದಾಗಿ, ಕುಚ್ಚುಕುಚ್ಚಾಗಿ ಬೆಳೆದ ಹೊಂಬಣ್ಣದ ಹುಲ್ಲು ಕಾಣಿಸಿದಾಗ ರೊಟೊಇಟಿ ಕೆಳಗೆ ಉದ್ದಕ್ಕೆ ಮಲಗಿತ್ತು. ಅದರ ಆಚೆಗೆ ಸೇಂಟ್ ಆರ್ನೋ ಪರ್ವತಶ್ರೇಣಿ. ಅಜ್ಜ ಕೋಲುಗಳನ್ನು ಊರಿ ನಿಂತು ಬಹಳ ಹೊತ್ತು ನೋಡಿದರು. ಆ ಹೊತ್ತು ಆರೂವರೆ ಗಂಟೆಯ ಲೆಕ್ಕದಲ್ಲಿ ಸೇರಿತ್ತು, ಯಾರೂ ಅವಸರಪಡಿಸಲಿಲ್ಲ.

ನೆತ್ತಿಯ ಮೇಲಿನ ಪುಟ್ಟ ತಂಗುಮಾಡವನ್ನು ಸೇರಿದಾಗ ಹನ್ನೆರಡು ಗಂಟೆ ಹತ್ತು ನಿಮಿಷ.

ಒಂದು ಗಂಟೆಯ ವ್ಯಾಜ್ಯ

ಇಲ್ಲಿ ದಾರಿ ಎರಡಾಗುತ್ತದೆ. ಒಂದು ಪ್ಯಾಡೀಸ್ ಕಡೆಗೆ ಇಳಿಯುತ್ತದೆ. ಇನ್ನೊಂದು ರಾಬರ್ಟ್ ಏಣನ್ನು ಹಿಡಿದು ದಕ್ಷಿಣಕ್ಕೆ ಸಾಗುತ್ತದೆ; 1650 ಮೀಟರ್ ಎತ್ತರದಲ್ಲಿರುವ ಏಂಜಲಸ್ ಎಂಬ ಸರೋವರಕ್ಕೆ ಅದೇ ದಾರಿ. ಕೆಳಗಿನ ಬಯಲಿನಿಂದ ಅಲ್ಲಿಗೆ ಸುಮಾರು 12 ಕಿಲೋಮೀಟರ್, ಆರು ಗಂಟೆಯ ನಡಿಗೆ. ಮರವಿಲ್ಲ, ಮರೆಯಿಲ್ಲ, ಗಾಳಿ ಎದ್ದರೆ ಓಡಿ ಅಡಗುವ ಸ್ಥಳವಿಲ್ಲ.

ಹುಡುಗನ ಕಣ್ಣು ಆ ಕಡೆಗೇ ನೆಟ್ಟಿತ್ತು. “ಏಂಜಲಸ್ ಬೇಡಮ್ಮ. ಮುಂದಿನ ಆ ದಿಬ್ಬದವರೆಗೆ ಮಾತ್ರ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಆಕಾಶ ನೋಡು, ಎಷ್ಟು ಚೆನ್ನಾಗಿದೆ!”

ಆಕಾಶ ನಿಜವಾಗಿಯೂ ಚೆನ್ನಾಗಿತ್ತು. ತಂದೆಗೂ ಮನಸ್ಸಿತ್ತು. ಅಜ್ಜ ಉತ್ಸಾಹದಿಂದ, “ನನಗೇನೂ ಆಯಾಸವಾಗಿಲ್ಲ” ಎಂದರು. ಅದೂ ನಿಜವೇ. ಗೃಹಿಣಿ ಜೇಬಿನಿಂದ ಕಾಗದವನ್ನು ತೆಗೆದಳು. ವಾಯವ್ಯದ ಕಡೆಯಿಂದ ಬೀಸಿದ ಗಾಳಿ ಅದನ್ನು ಕೈಯಿಂದ ಕಿತ್ತುಕೊಳ್ಳುವಂತಿತ್ತು. ಬೆಳಗ್ಗೆ ಆ ಗಾಳಿ ಇರಲಿಲ್ಲ.

“ನಾನೊಬ್ಬನೇ ಓಡಿಹೋಗಿ ಬರುತ್ತೇನೆ” ಎಂದ ಹುಡುಗ.

“ತಂಡವನ್ನು ಒಡೆಯುವುದಿಲ್ಲ” ಎಂದಳು ತಾಯಿ. “ನಿನ್ನೆ ರಾತ್ರಿ ನಾಲ್ವರೂ ಸೇರಿ ಒಪ್ಪಿದ ಮಾತಿದು. ಮೇಜಿನ ಮುಂದೆ ಕುಳಿತಾಗ ಯಾರಿಗೂ ದಿಬ್ಬದ ಆಸೆ ಇರಲಿಲ್ಲ. ಆಗಿನ ಬುದ್ಧಿಯನ್ನೇ ನಂಬುತ್ತೇನೆ.”

ಹುಡುಗ ಮುಖ ಗಂಟಿಕ್ಕಿಕೊಂಡು ಮುಂದೆ ನಡೆದ. ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಕಾಡಿನ ಮೇಲಂಚಿನಲ್ಲಿರುವ ಬುಷ್‌ಲೈನ್ ಗುಡಿಸಲನ್ನು ಸೇರಿದರು. ಗಾಳಿಯ ಮರೆಯಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಫ್ಲಾಸ್ಕಿನ ಚಹಾ ಇನ್ನೂ ಬಿಸಿಯಾಗಿತ್ತು. ಹುಡುಗ ಮಾತನಾಡಲಿಲ್ಲ.

ಇಳಿಜಾರು

ಪ್ಯಾಡೀಸ್ ದಾರಿ ಸೌಮ್ಯವೆಂಬುದು ನಿಜ. ಹಿಂದಿನ ಕಾಲದ ಬೆಂಕಿಗಳಿಂದ ಕಾಡು ಕಳೆದುಕೊಂಡ ಬಯಲು ಇಳಿಜಾರಿನಲ್ಲಿ, ಸರೋವರವನ್ನು ಕಣ್ಣೆದುರಿಗೇ ಇಟ್ಟುಕೊಂಡು ಅದು ಬಳುಕುತ್ತ ಇಳಿಯುತ್ತದೆ. ಎರಡು ಗಂಟೆ ಸಾಕೆಂದು ಕಾಗದದಲ್ಲಿತ್ತು. ಗುಡಿಸಲಿನಿಂದ ಹೊರಟು ಅರ್ಧ ಗಂಟೆಯಾಗಿರಬಹುದು. ಅಜ್ಜನ ಎಡ ಮೊಣಕಾಲು ಹಿಡಿದುಕೊಂಡಿತು. ಬಿದ್ದದ್ದಿಲ್ಲ, ಉಳುಕಿದ್ದಿಲ್ಲ. ಪ್ರತಿ ಹೆಜ್ಜೆಗೂ ನೋವು, ಅಷ್ಟೇ. ಮೊದಲು ಅವರು ಹೇಳಲಿಲ್ಲ; ಹುಡುಗನೇ ಕಂಡುಕೊಂಡ.

ಅನಂತರ ಹುಡುಗ ಮುಂದೆ ಓಡಲಿಲ್ಲ. ಅಜ್ಜನ ಚೀಲವನ್ನು ತನ್ನ ಎದೆಯ ಮೇಲೆ ಹಾಕಿಕೊಂಡು, ಅವರಿಗಿಂತ ಒಂದು ಹೆಜ್ಜೆ ಕೆಳಗೆ, ಬೀಳುವುದಾದರೆ ತನ್ನ ಭುಜದ ಮೇಲೆ ಬೀಳಲೆಂಬಂತೆ ನಡೆದ. ನೂರು ಹೆಜ್ಜೆಗೊಮ್ಮೆ ನಿಲ್ಲುವುದು, ಮತ್ತೆ ನೂರು ಹೆಜ್ಜೆ. ಬೆನ್ನ ಹಿಂದೆ ಏಣಿನ ಮೇಲೆ ಮೋಡ ಇಳಿಯಿತು; ಹುಡುಗ ಹೋಗಬೇಕೆಂದಿದ್ದ ದಿಬ್ಬ ಮೊದಲು ಮಸುಕಾಯಿತು, ಆಮೇಲೆ ಕಾಣದಾಯಿತು. ಎರಡು ಗಂಟೆಯ ಇಳಿಜಾರು ಮೂರು ಗಂಟೆ ದಾಟಿತು. ನಾಲ್ಕೂವರೆಗೆ ವಾಹನವನ್ನು ಸೇರಿದರು. ಬಾಗಿಲು ಮುಚ್ಚಿಕೊಂಡು ಕಾಲು ಗಂಟೆಯೂ ಆಗಿರಲಿಲ್ಲ. ಮಳೆ ಗಾಜಿಗೆ ಅಡ್ಡಡ್ಡವಾಗಿ ಬಡಿಯತೊಡಗಿತು.

ದಿಬ್ಬಕ್ಕೆ ಹೋಗಿದ್ದರೆ ಆ ಹೊತ್ತಿಗೆ ಅವರು ಎಲ್ಲಿರುತ್ತಿದ್ದರೆಂಬುದನ್ನು ಲೆಕ್ಕಹಾಕಲು ಯಾವ ಸೂತ್ರವೂ ಬೇಕಾಗಿರಲಿಲ್ಲ. ಮರಗಳಿಲ್ಲದ ಆ ಇಳಿಜಾರಿನಲ್ಲಿ, ಇನ್ನೂ ಒಂದು ಗಂಟೆಯ ದಾರಿ ಉಳಿದಿರುವಾಗ, ನಿಧಾನವಾಗಿ ಇಳಿಯುವುದರಿಂದ ಮೈ ಕಾವು ಕಳೆದುಕೊಂಡ ಮುದುಕರೊಬ್ಬರನ್ನು ನಡುವೆ ಇಟ್ಟುಕೊಂಡು ನೆನೆಯುತ್ತಿರುತ್ತಿದ್ದರು. ನೆತ್ತಿಯ ಮೇಲೆ ಹುಡುಗ ಬೇಡಿದ ಆ ಒಂದು ಗಂಟೆ ಯಾರಿಗೂ ಬೇಡದ ಗಂಟೆಯಂತೆ ಕಂಡಿತ್ತು. ಅದು ಅಜ್ಜನ ಮೊಣಕಾಲಿಗೆ ಸೇರಬೇಕಾದ ಗಂಟೆಯಾಗಿತ್ತು.

ನ್ಯೂಜಿಲೆಂಡಿನಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಐದು ಸೂಚನೆಗಳ ಒಂದು ಸಂಹಿತೆಯನ್ನು ಬೋಧಿಸುತ್ತಾರೆ. ಶಕ್ತಿಗೆ ತಕ್ಕ ದಾರಿಯನ್ನು ಆರಿಸಿಕೊಳ್ಳುವುದು, ಹವೆಯನ್ನು ಅರಿಯುವುದು, ಬೆಚ್ಚನೆಯ ಬಟ್ಟೆ, ಹೆಚ್ಚಿನ ಆಹಾರ ಒಯ್ಯುವುದು, ಯೋಜನೆಯನ್ನು ತಿಳಿಸಿ, ನೆರವು ಕರೆಯುವ ಸಾಧನವನ್ನು ಇಟ್ಟುಕೊಳ್ಳುವುದು, ತನ್ನನ್ನೂ ಜೊತೆಯವರನ್ನೂ ನೋಡಿಕೊಳ್ಳುವುದು. ಮೊದಲ ನಾಲ್ಕನ್ನು ಮನೆಯಲ್ಲೇ ಮಾಡಿ ಮುಗಿಸಬಹುದು. ಐದನೆಯದನ್ನು ಮಾತ್ರ ಬೆಟ್ಟದ ಮೇಲೆಯೇ ಮಾಡಬೇಕು. ಮೊದಲ ನಾಲ್ಕು ಇರುವುದು ಐದನೆಯದಕ್ಕೆ ಸಮಯ ಉಳಿಸಿಕೊಡಲೆಂದೇ.

ಕೆಳಗಿನ ಹಳ್ಳಿಯನ್ನು ಸೇರಿದಾಗ ಐದೂವರೆ. ಪಕ್ಕದ ಮನೆಯಾಕೆಗೆ ಫೋನು ಮಾಡುವ ಕೆಲಸವನ್ನು ಹುಡುಗ ತಾನೇ ವಹಿಸಿಕೊಂಡ. “ನಾಲ್ವರೂ ಇಳಿದು ಬಂದೆವು. ಚೀಟಿಯನ್ನು ಹರಿದುಬಿಡಿ” ಎಂದ. ಹಿಂದಿನ ಆಸನದಲ್ಲಿ ಕಾಲು ಚಾಚಿ ಕುಳಿತಿದ್ದ ಅಜ್ಜ, “ಮೂರು ಗಂಟೆ ಎಂದಿದ್ದೆನಲ್ಲ, ಅದು ಬರಿಯ ಇಳಿಜಾರಿನ ಲೆಕ್ಕ” ಎಂದರು. ಆ ದಿನ ಮಧ್ಯಾಹ್ನದಿಂದ ಹುಡುಗ ನಕ್ಕಿದ್ದು ಅದೇ ಮೊದಲು.